ದಿನಕ್ಕೆ ಹತ್ತೇ ಗಂಟೆ ತೋರಿಸುವ ಮುಳ್ಳಿನ ಗಡಿಯಾರ: ನನ್ನ ಅನುಭವ

ಮುಳ್ಳನ್ನು ಹೆಜ್ಜೆಹೆಜ್ಜೆಯಾಗಿ ತಳ್ಳುವ ವಿದ್ಯುತ್ ಪಲ್ಸ್ ನಿಧಾನ ಮಾಡಿದರೆ ಸಾಕು, ಯಾವ ಕ್ವಾರ್ಟ್ಜ್ ಗಡಿಯಾರವೂ ದಶಮಾಂಶ ಸಮಯ (ದಿನಕ್ಕೆ ಹತ್ತು ಗಂಟೆಯ ಲೆಕ್ಕ) ತೋರಿಸುತ್ತದೆ ಅನ್ನುವವರಿದ್ದಾರೆ. ಮುಳ್ಳಿನ ಗಡಿಯಾರದಲ್ಲಿ ಇದು ಆಗುವ ಮಾತೇ ಅಲ್ಲ ಅನ್ನುವವರೂ ಇದ್ದಾರೆ. ಇಬ್ಬರೂ ಲೆಕ್ಕ ಹಾಕಿ ನೋಡಿಲ್ಲ. 10 ಗಂಟೆ, 100 ನಿಮಿಷ, 100 ಸೆಕೆಂಡಿನ ಡಯಲಿಗೆ ಸೆಕೆಂಡಿನ ಮುಳ್ಳು ಕೇಳುವುದು 1.44 ಮಾಮೂಲಿ ಸೆಕೆಂಡಿಗೊಂದು ಪಲ್ಸ್, ನಿಮಿಷದ್ದು 2.4ಕ್ಕೊಂದು, ಗಂಟೆಯದು 2ಕ್ಕೊಂದು. ಪಲ್ಸ್ ಪಡೆದು ಮುಳ್ಳುಗಳನ್ನು ನಡೆಸುವ ಒಂದೇ ಕಾಯಿಲ್ (ತಂತಿ ಸುರುಳಿ) ಮೂವರನ್ನೂ ಸಾಕಲಾರದು. ಸೆಕೆಂಡಿನ ಮುಳ್ಳು ಕಿತ್ತು, 2.4 ಹಿಡಿದು, ಗಂಟೆಗೆ 12:1ರ ಬದಲು 10:1 ಗೇರ್ ಹಾಕಿದ ಮೇಲೇ ಕೆಲಸ ಗೆದ್ದದ್ದು.

ಹಲ್ಲುಗಳು 20–50, 14–56. ಎರಡೂ ಜೋಡಿಯ ಮೊತ್ತ 70, ಹಾಗಾಗಿ 0.5 ಮಾಡ್ಯೂಲಿನಲ್ಲಿ (ಹಲ್ಲಿನ ಗಾತ್ರದ ಅಳತೆ) ಎರಡಕ್ಕೂ ಕೇಂದ್ರಾಂತರ 17.5 ಮಿ.ಮೀ. 12–30, 10–40 ಕೂಡ ಹತ್ತಕ್ಕೊಂದೇ, ಆದರೆ ಮೊತ್ತ 42 ಮತ್ತು 50 ಬರುತ್ತದೆ. ಒಂದೇ ಅಕ್ಷಕ್ಕೆ ಕೂರುವುದಿಲ್ಲ. ನನ್ನ 20–50, 14–56ರ ಗೇರುಗಳು ಮೂವ್‌ಮೆಂಟಿನೊಳಗೆ (ಗಡಿಯಾರದ ಯಂತ್ರದ ಪೆಟ್ಟಿಗೆ) ಹಿಡಿಸವು, ಡಯಲಿನ ಹಿಂದೆ ಬೇರೆ ಪ್ಲೇಟ್ ಬೇಕು. ನಿಮಿಷದ ಶಾಫ್ಟಿಗೆ ಹಿತ್ತಾಳೆ ಕೊಳವೆ ಒತ್ತಿ ಅದರ ಮೇಲೆ 20ರ ಗೇರ್ ಬಿಗಿಯಾಗಿ, 56ರದು ಸಡಿಲವಾಗಿ; 50 ಮತ್ತು 14 ಪಕ್ಕದ ಅಕ್ಷದ ಮೇಲೆ ಒಟ್ಟಿಗೆ. ಕೊಳವೆ ಓಲಾಡದಂತೆ ಕೂರಿಸುವ ಉಪಾಯ ಮಾತ್ರ ನನ್ನ ಹತ್ತಿರವೇ ಇರಲಿ.

ದುಡ್ಡು ಕರಗುವುದು ಗೇರಿನಲ್ಲೇ. ಹಿತ್ತಾಳೆಯಲ್ಲಿ ಕಟ್ ಮಾಡಿಸಿದರೆ ಮೂವ್‌ಮೆಂಟಿನ ಹತ್ತಿಪ್ಪತ್ತು ಪಟ್ಟು. ಲೇಸರ್ ಅಕ್ರಿಲಿಕ್ ಅಗ್ಗ, ಆದರೆ ಲೇಸರ್ ತಿಂದ ಜಾಗ ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ಆಗಿ, ತುದಿಯ 10ನ್ನು ದಾಟಿದ ಕೂಡಲೇ ಗಂಟೆಯ ಮುಳ್ಳು ಮುಂದಕ್ಕೆ ಜೋತುಬೀಳುತ್ತದೆ. ಬಾಲಕ್ಕೆ ತೂಕ ಕಟ್ಟಿದರೆ ಸರಿಹೋಗುತ್ತದೆ.

ಸೆಕೆಂಡಿಗೆ 32768 ಸಲ ಮಿಡಿಯುವ ಕ್ವಾರ್ಟ್ಜ್ ಕ್ರಿಸ್ಟಲಿನಲ್ಲಿ 2.4 ಸೆಕೆಂಡು ಅಂದರೆ 78643.2 ಎಣಿಕೆ. ನಾಲ್ಕು ಪಲ್ಸಿಗೆ 78643, ಐದನೆಯದಕ್ಕೆ 78644. ಪಲ್ಸ್ ಸುಮಾರು 30 ಮಿಲಿಸೆಕೆಂಡು, ಪ್ರತಿ ಸಲ ಧ್ರುವ ಅದಲುಬದಲು. ಒಂದೇ ಧ್ರುವ ಎರಡು ಸಲ ಬಂದರೆ ರೋಟರ್ (ಕಾಯಿಲ್ ತಿರುಗಿಸುವ ಅಯಸ್ಕಾಂತ) ಮಿಸುಕುವುದಿಲ್ಲ. ಆದ್ದರಿಂದ ಕರೆಂಟು ಹೋಗುವ ಮುಂಚಿನ ಧ್ರುವವನ್ನು ಪಲ್ಸ್ ಕೊಡುವ ಚಿಪ್ಪಿನ ಮೆಮೊರಿಯಲ್ಲಿ ಇಡಬೇಕು. ನನ್ನದು ತಿಂಗಳಿಗೆ ಅರ್ಧ ದಶಮಾಂಶ ನಿಮಿಷವೂ ತಪ್ಪುವುದಿಲ್ಲ. ಪರೀಕ್ಷೆಗೆ ಬೆಳಗಿನ 8:24 ಒಳ್ಳೆಯದು: ಆಗ 3:50, ಗಂಟೆಯ ಮುಳ್ಳು 3 ಮತ್ತು 4ರ ನಟ್ಟನಡುವೆ ಇರಬೇಕು.

28ಬಿವೈಜೆ-48 ಅನ್ನುವ ಸ್ಟೆಪ್ಪರನ್ನೂ (ಹೆಜ್ಜೆಹೆಜ್ಜೆಯಾಗಿ ತಿರುಗುವ ಮೋಟರು) ಪಳಗಿಸಿದ್ದಾಯಿತು. ಎಲ್ಲರೂ ಒಂದು ಸುತ್ತಿಗೆ 4096 ಅರ್ಧಹೆಜ್ಜೆ ಅನ್ನುತ್ತಾರೆ. ಒಳಗಿನ ಗೇರ್ ಎಣಿಸಿದರೆ ಸುಮಾರು 4075.77. 4096 ಎಂದೇ ನಡೆಸಿದರೆ ದಿನಕ್ಕೆ ಹತ್ತು ಸುತ್ತಿಗೆ ಹತ್ತಿರ ಹತ್ತಿರ 5 ದಶಮಾಂಶ ನಿಮಿಷ ಮುಂದೋಡುತ್ತದೆ. ಮೇಲಾಗಿ ಮಲಗುವ ಕೋಣೆಯಲ್ಲಿ ಅದರ ಕಿರಿಕಿರಿ ಸದ್ದು ಯಾರಿಗೆ ಬೇಕು.

ತಾರೀಕಿಗೆ 1793ರ ಫ್ರೆಂಚ್ ಪಂಚಾಂಗವೇ ಸಲೀಸು: 30 ದಿನದ 12 ತಿಂಗಳು, ಹತ್ತು ದಿನಕ್ಕೊಂದು ವಾರ. 1ರಿಂದ 10 ಬರೆದ ಹತ್ತು ಮುಖದ ಡ್ರಮ್ ನಡುರಾತ್ರಿ ಒಂದು ಮುಖ ಸರಿದರೆ ಆಯಿತು. ತೊಡಕಿರುವುದು ವರ್ಷದ ಕೊನೆಯ 5 ಹೆಚ್ಚುವರಿ ದಿನಗಳಲ್ಲಿ. ಅವು ಮುಗಿದಾಗ ಡ್ರಮ್ 6ಕ್ಕೆ ಬಂದು ನಿಲ್ಲುತ್ತದೆ, ಹೊಸ ವರ್ಷಕ್ಕೆ 1 ಬೇಕು. ಹಿಂದಕ್ಕೆ ತಿರುಗಿಸಿದರೆ ರಾಚೆಟ್ (ಒಂದೇ ದಿಕ್ಕಿಗೆ ತಿರುಗಲು ಬಿಡುವ ಹಲ್ಲಿನ ಚಕ್ರ) ಮುರಿಯುತ್ತದೆ. ಮುಂದಕ್ಕೇ 5 ಮುಖ ತಳ್ಳಿ, 6 ಹೆಚ್ಚುವರಿ ದಿನ ಬರುವ ವರ್ಷದಲ್ಲಿ 4.