ಹಿಂಬದಿಯ ‘ಟಕ್’ ಸದ್ದು: ಮೂಲ ಹುಡುಕುವುದು ಹೇಗೆ?

ಸ್ಪೋರ್ಟ್ಸ್ ಕಾರಿನ ಹಿಂದಿನ ಸಸ್ಪೆನ್ಷನ್‌ನಿಂದ ‘ಟಕ್’ ಎಂದೋ ‘ದಡ್’ ಎಂದೋ ಸದ್ದು ಬರತೊಡಗಿದರೆ ಎಲ್ಲರ ಕಣ್ಣೂ ಮೊದಲು ಬೀಳುವುದು ಶಾಕ್ ಅಬ್ಸಾರ್ಬರ್ ಮೇಲೆ. ಎರಡನ್ನೂ ಬದಲಾಯಿಸಿದ ಮೇಲೂ ಸದ್ದು ಇದ್ದಲ್ಲೇ ಇರುತ್ತದೆ. ಆಮೇಲೆ ಸ್ಟೆಬಿಲೈಸರ್ ಲಿಂಕ್, ಆಮೇಲೆ ಕೀಲುಗಳೊಳಗಿನ ರಬ್ಬರ್ ಬುಷ್. ಹೀಗೆ ಊಹೆಯ ಮೇಲೆ ಬಿಡಿಭಾಗ ಬದಲಾಯಿಸುತ್ತಾ ಹೋದರೆ ಜೇಬು ಖಾಲಿಯಾಗುತ್ತದೆಯೇ ಹೊರತು ಸದ್ದು ನಿಲ್ಲುವ ಖಾತರಿ ಇಲ್ಲ. ಸ್ಪ್ಯಾನರ್ ಹಿಡಿಯುವ ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ: ಸದ್ದು ಬರುವುದು ಯಾವಾಗ?

ಇದಕ್ಕೆ ಕಾರಣ ಇದೆ. ಹಿಂದಿನ ಪ್ರತಿ ಚಕ್ರವನ್ನು ಹಿಡಿದಿಡಲು ಐದು ಆರ್ಮ್‌ಗಳು, ಅಂದರೆ ಜೋಡುದಂಡಗಳು, ಇರುವ ಮಲ್ಟಿಲಿಂಕ್ ಸಸ್ಪೆನ್ಷನ್ ಎಂದರೆ ಒಂದು ಬದಿಗೇ ಹತ್ತು ಕೀಲುಗಳು. ಶಾಕ್‌ನ ಮೇಲಿನ–ಕೆಳಗಿನ ತುದಿ, ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸ್ಟೆಬಿಲೈಸರ್ ಬಾರನ್ನು ಸಸ್ಪೆನ್ಷನ್‌ಗೆ ಜೋಡಿಸುವ ಲಿಂಕ್‌ನ ಎರಡು ತುದಿ ಬೇರೆ. ಇವುಗಳಲ್ಲಿ ಒಂದು ಒಂದೇ ಒಂದು ಮಿಲಿಮೀಟರ್ ಸವೆದು ಸಡಿಲವಾದರೂ ಸದ್ದಿಗೆ ಸಾಕು. ಒತ್ತಡ ಒಂದೇ ದಿಕ್ಕಿನಲ್ಲಿ ಇರುವವರೆಗೆ ಆ ಸಂದು ಮುಚ್ಚಿಕೊಂಡಿರುತ್ತದೆ, ಏನೂ ಕೇಳಿಸುವುದಿಲ್ಲ. ಒತ್ತಡದ ದಿಕ್ಕು ತಿರುಗಿದ ಕ್ಷಣ ಲೋಹ ಸಂದು ದಾಟಿ ಆಚೆ ಬಡಿಯುತ್ತದೆ. ಚಿಲಕ ಸಡಿಲವಾದ ಬಾಗಿಲು ಗಾಳಿಗೆ ಬಡಿದುಕೊಳ್ಳುವ ಹಾಗೆ. ದೊಡ್ಡ ಗುಂಡಿಯಲ್ಲಿ ಸುಮ್ಮನಿರುವ ಕಾರು ಸಣ್ಣ ಸಣ್ಣ ಉಬ್ಬುತಗ್ಗಿನಲ್ಲಿ ಕಟಕಟ ಎನ್ನುವುದು ಇದೇ ಕಾರಣಕ್ಕೆ. ದೊಡ್ಡ ಹೊಡೆತಕ್ಕೆ ಕೀಲು ಒಂದು ಕಡೆಗೆ ಒತ್ತಿಕೊಂಡು ಕೂತುಬಿಡುತ್ತದೆ, ಸಣ್ಣ ಅಲುಗಾಟದಲ್ಲಿ ಅತ್ತಿತ್ತ ಓಲಾಡುತ್ತಲೇ ಇರುತ್ತದೆ.

ಮೊದಲು ಡಿಕ್ಕಿ ಖಾಲಿ ಮಾಡಿ

ನಗಬೇಡಿ. ಸ್ಟೆಪ್ನಿ, ಜಾಕ್, ವೀಲ್ ಸ್ಪ್ಯಾನರ್ ಎಲ್ಲವನ್ನೂ ಹೊರಗಿಟ್ಟು ಒಂದು ಸುತ್ತು ಓಡಿಸಿ. ಕೆಲವು ಸ್ಪೋರ್ಟ್ಸ್ ಕಾರುಗಳಲ್ಲಿ ಬ್ಯಾಟರಿ ಹಿಂದೆಯೇ ಇರುತ್ತದೆ, ಅದರ ಕ್ಲಾಂಪ್ ಅಲುಗಾಡಿಸಿ ನೋಡಿ. ಹಿಂಸೀಟಿನ ಲಾಕ್, ಡಿಕ್ಕಿ ಬಾಗಿಲಿನ ಲಾಕ್ ಕೂಡ ಸಸ್ಪೆನ್ಷನ್ ಸದ್ದಿನ ವೇಷ ಹಾಕುವುದುಂಟು. ಎಂಜಿನ್ ತಣ್ಣಗಿರುವಾಗ ಸೈಲೆನ್ಸರನ್ನು ಕೈಯಿಂದ ನಾಲ್ಕೂ ಕಡೆಗೆ ತಳ್ಳಿ. ನೇತಾಡಿಸುವ ರಬ್ಬರ್ ಹರಿದಿದ್ದರೆ ಅದು ಹೋಗಿ ಬಾಡಿಗೆ ಬಡಿಯುತ್ತದೆ.

ಕಾರು ಹೊರಡಿಸುವ ಮುಂಚೆಯೇ ಮಾಡಬೇಕಾದ ಕೆಲಸ ಒಂದಿದೆ. ಬಿಗಿ ಅಳೆಯುವ ಟಾರ್ಕ್ ರೆಂಚ್ ಹಿಡಿದು ನಾಲ್ಕೂ ಚಕ್ರಗಳ ನಟ್‌ಗಳನ್ನು ಕೈಪಿಡಿಯಲ್ಲಿ ಹೇಳಿದ ಬಿಗಿಗೆ ತಾಳೆ ನೋಡಿ. ಇತ್ತೀಚೆಗೆ ಚಕ್ರ ಬಿಚ್ಚಿದ್ದರಂತೂ ಇದನ್ನು ಬಿಡಲೇಬೇಡಿ. ಸಡಿಲ ನಟ್ ಕೂಡ ಇದೇ ಸದ್ದು ಮಾಡುತ್ತದೆ, ಚಕ್ರ ಕಳಚಿಕೊಳ್ಳುವವರೆಗೆ.

ಓಡಿಸಿ, ಒಂದೊಂದೇ ಪರೀಕ್ಷೆ

ವಾಹನ ಸಂಚಾರವಿಲ್ಲದ ಜಾಗ ಬೇಕು. ಪಕ್ಕದಲ್ಲಿ ಇನ್ನೊಬ್ಬರು ಕೂತು ಬರೆದುಕೊಂಡರೆ ಒಳ್ಳೆಯದು. ಕಿಟಕಿ ಇಳಿಸಿ, ಗೋಡೆಯ ಪಕ್ಕದಲ್ಲಿ ನಿಧಾನವಾಗಿ ಹೋದರೆ ಸದ್ದು ಮರಳಿ ಬಂದು ಚೆನ್ನಾಗಿ ಕೇಳಿಸುತ್ತದೆ.

ನಡೆಯುವ ವೇಗದಲ್ಲಿ ಎರಡೂ ಹಿಂಚಕ್ರಗಳನ್ನು ಒಟ್ಟಿಗೆ ಹಂಪ್ ಮೇಲೆ ದಾಟಿಸಿ. ಆಮೇಲೆ ಒಂದೇ ಬದಿಯ ಚಕ್ರ ಹತ್ತಿ ಇಳಿಯುವಂತೆ ದಾಟಿಸಿ. ಈ ಎರಡರ ವ್ಯತ್ಯಾಸ ಬಹಳ ಹೇಳುತ್ತದೆ. ಎರಡೂ ಚಕ್ರ ಸಮನಾಗಿ ಏರಿಳಿದರೆ ಸ್ಟೆಬಿಲೈಸರ್ ಬಾರ್ ತನ್ನ ಬುಷ್‌ಗಳಲ್ಲಿ ಸುಮ್ಮನೆ ತಿರುಗುತ್ತದೆ, ಲಿಂಕ್‌ಗಳಿಗೆ ಹೆಚ್ಚು ಕೆಲಸವಿಲ್ಲ. ಒಂದೇ ಚಕ್ರ ಎದ್ದಾಗ ಬಾರ್ ತಿರುಚಿಕೊಳ್ಳುತ್ತದೆ, ಲಿಂಕ್‌ಗಳು ಎಳೆಯಲ್ಪಡುತ್ತವೆ. ಆಗ ಮಾತ್ರ ಸದ್ದು ಬಂದರೆ ಲಿಂಕ್ ಮೇಲೆ ಅನುಮಾನ ಪಡಿ. ಎರಡು ಸಲವೂ ಬಂದರೆ ಶಾಕ್‌ನ ಮೇಲಿನ ಮೌಂಟ್, ಸ್ಪ್ರಿಂಗ್ ಕೂರುವ ಜಾಗ, ಆರ್ಮ್ ಬುಷ್‌ಗಳ ಕಡೆ ಹೋಗಿ.

ಇನ್ನು ನುಣ್ಣನೆಯ ರಸ್ತೆ. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ, ಬಿಡಿ, ಮತ್ತೆ ಒತ್ತಿ. ಉಬ್ಬುತಗ್ಗೇ ಇಲ್ಲದ ಕಡೆ ಒತ್ತಿದಾಗೊಮ್ಮೆ ಬಿಟ್ಟಾಗೊಮ್ಮೆ ‘ದಡ್’ ಎಂದರೆ ಶಾಕ್ ನಿರಪರಾಧಿ. ಎಂಜಿನ್ ಶಕ್ತಿಯನ್ನು ಹಿಂಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್‌ನ ಮೌಂಟ್, ಹಿಂದಿನ ಸಸ್ಪೆನ್ಷನ್ ಹೊತ್ತ ಚೌಕಟ್ಟಾದ ಸಬ್‌ಫ್ರೇಮ್‌ನ ಬುಷ್, ಆಕ್ಸಲ್ ಇವುಗಳನ್ನು ನೋಡಬೇಕು.

ಕೊನೆಗೆ ಬ್ರೇಕ್. ಸದ್ದು ಬರುವ ಉಬ್ಬುತಗ್ಗಿನ ಮೇಲೆಯೇ ಬ್ರೇಕ್ ಪೆಡಲನ್ನು ಹಗುರವಾಗಿ ಒತ್ತಿಕೊಂಡು ಹೋಗಿ. ಸದ್ದು ಮಾಯವಾದರೆ, ಬ್ರೇಕ್ ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್‌ನಲ್ಲಿ ಪ್ಯಾಡ್ ಕುಣಿಯುತ್ತಿದೆ, ಅಥವಾ ಅದರ ಸ್ಲೈಡ್ ಪಿನ್ ಸವೆದಿದೆ ಎಂದರ್ಥ.

ಎಡವೋ ಬಲವೋ ಎಂಬ ವಿಷಯದಲ್ಲಿ ಕಿವಿಯನ್ನು ನಂಬಬೇಡಿ. ಸದ್ದು ಬಾಡಿಯ ಮೂಲಕ ಹರಿದು ಎಲ್ಲೋ ಹೊರಬರುತ್ತದೆ. ಡಿಕ್ಕಿಯ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಮೊಬೈಲ್ ಇಟ್ಟು ರೆಕಾರ್ಡ್ ಮಾಡಿ ಹೋಲಿಸುವುದು ವಾಸಿ.

ಕಾರು ಎತ್ತುವುದು

ಗಟ್ಟಿಯಾದ ಸಮತಟ್ಟು ನೆಲ, ಮುಂಚಕ್ರಗಳಿಗೆ ಅಡ್ಡಗಟ್ಟೆ, ತಯಾರಕರು ಗುರುತಿಸಿದ ಜಾಗಕ್ಕೇ ಜಾಕ್ ಸ್ಟ್ಯಾಂಡ್. ಬರೀ ಜಾಕ್ ನಂಬಿ ಕಾರಿನಡಿ ಯಾರೂ ನುಸುಳಬಾರದು, ಒಂದು ನಿಮಿಷಕ್ಕೂ.

ಹಿಂಬದಿಯ ಎರಡೂ ಕಡೆಗಳನ್ನು ಒಟ್ಟಿಗೆ ಎತ್ತಬೇಕು. ಒಂದೇ ಬದಿ ಎತ್ತಿದರೆ ಸ್ಟೆಬಿಲೈಸರ್ ಬಾರ್ ತಿರುಚಿಕೊಂಡು ಎರಡೂ ಲಿಂಕ್‌ಗಳನ್ನು ಬಿಗಿಯಾಗಿ ಹಿಡಿದುಬಿಡುತ್ತದೆ. ಸವೆದ ಲಿಂಕ್ ಕೂಡ ಹೊಸದರಂತೆ ಗಟ್ಟಿಯಾಗಿರುತ್ತದೆ. ಎಷ್ಟೋ ಲಿಂಕ್‌ಗಳು ‘ಚೆನ್ನಾಗಿದೆ’ ಎನಿಸಿಕೊಂಡು ಪಾರಾಗುವುದು ಇಲ್ಲೇ.

ಲಿಂಕ್ ಹಿಡಿದು ಅಲುಗಾಡಿಸುವಾಗ ಇನ್ನೊಂದು ಕೈಯ ಬೆರಳನ್ನು ಬಾಲ್ ಜಾಯಿಂಟ್‌ನ ಬೋಲ್ಟೂ ಅದರ ಬಟ್ಟಲೂ ಸೇರುವ ಕಡೆ ಎರಡಕ್ಕೂ ತಾಗುವಂತೆ ಇಡಿ. ಸಡಿಲವಿದ್ದರೆ ಕಿವಿಗೆ ಕೇಳಿಸುವ ಮೊದಲೇ ಬೆರಳ ತುದಿಗೆ ಸಣ್ಣ ‘ಟಿಕ್’ ತಾಗುತ್ತದೆ. ಬಾಲ್ ಜಾಯಿಂಟ್‌ನಲ್ಲಿ ಇಷ್ಟೂ ಆಟ ಇರಕೂಡದು. ರಬ್ಬರ್ ಬುಷ್ ಹಾಗಲ್ಲ, ಮೀಟುಗೋಲು ಹಾಕಿ ಮೀಟಿದರೆ ಸ್ವಲ್ಪ ಬಾಗಿ ತಾನಾಗಿ ಹಿಂದಿರುಗುವುದು ಅದರ ಸ್ವಭಾವ. ಬಾಗಿದಾಗ ಒಳಗೆ ಸೀಳು ಬಾಯ್ಬಿಟ್ಟರೆ, ಲೋಹಕ್ಕೆ ಲೋಹ ತಾಗಿದರೆ ಕೆಟ್ಟಿದೆ ಎಂದು ತಿಳಿಯಿರಿ.

ಚಕ್ರವನ್ನು ಮೇಲೆ–ಕೆಳಗೆ ಹಿಡಿದು ಒಮ್ಮೆ, ಎಡ–ಬಲ ಹಿಡಿದು ಒಮ್ಮೆ ಅಲುಗಾಡಿಸಿ. ಎರಡೂ ದಿಕ್ಕಿನಲ್ಲಿ ಅಲುಗಿದರೆ ಬೇರಿಂಗ್, ಎಡ–ಬಲಕ್ಕೆ ಮಾತ್ರವಾದರೆ ಚಕ್ರದ ದಿಕ್ಕು ಹಿಡಿದಿಡುವ ಟೋ ಲಿಂಕ್ ಕಡೆಗೆ ಬೆರಳು ತೋರುತ್ತದೆ.

ಬ್ಯಾಟರಿ ಲೈಟ್ ಹಿಡಿದು ಕಣ್ಣಿಗೂ ಕೆಲಸ ಕೊಡಿ. ಬೋಲ್ಟ್ ವಾಷರ್‌ನ ಸುತ್ತ ಕೊಳೆಯ ನಡುವೆ ಬಿಲ್ಲಿನಾಕಾರದ ಹೊಳೆಯುವ ಗೆರೆ ಇದ್ದರೆ ಆ ಬೋಲ್ಟ್ ಜರುಗುತ್ತಿದೆ. ಸಂದಿಯಿಂದ ಕೆಂಪು ತುಕ್ಕಿನ ಪುಡಿ ಉದುರಿದ್ದರೆ ಅಲ್ಲಿ ಲೋಹ ಉಜ್ಜಿಕೊಳ್ಳುತ್ತಿದೆ.

ಶಾಕ್‌ನ ಮೇಲಿನ ಮೌಂಟ್ ಮಾತ್ರ ಕಾರು ನೆಲದ ಮೇಲಿರುವಾಗ ನೋಡುವಂಥದ್ದು. ಡಿಕ್ಕಿಯ ಒಳಹೊದಿಕೆ ತೆಗೆದು ಅದರ ಮೇಲೆ ಅಂಗೈ ಇಡಿ, ಇನ್ನೊಬ್ಬರು ಹಿಂಬದಿಯನ್ನು ಒತ್ತಿ ಬಿಡಲಿ.

ಇನ್ನೂ ಅನುಮಾನವಿದ್ದರೆ ಎರಡೂ ಬದಿಯ ಲಿಂಕ್‌ಗಳನ್ನು ಬಿಚ್ಚಿ, ಬಾರ್ ಎಲ್ಲಿಯೂ ತಾಗದಂತೆ ಕಟ್ಟಿ, ನಿಧಾನವಾಗಿ ಸ್ವಲ್ಪ ದೂರ ಓಡಿಸಿ. ಸದ್ದು ನಿಂತರೆ ತಪ್ಪಿತಸ್ಥ ಲಿಂಕ್ ಅಥವಾ ಬಾರ್‌ನ ಬುಷ್. ಬಾರ್ ಇಲ್ಲದೆ ಕಾರು ತಿರುವಿನಲ್ಲಿ ವಾಲುವ ರೀತಿಯೇ ಬೇರೆಯಾಗುತ್ತದೆ, ವೇಗ ಬೇಡವೇ ಬೇಡ. ಬೇರಾವ ಭಾಗವನ್ನೂ ಹೀಗೆ ಬಿಚ್ಚಿ ಓಡಿಸುವಂತಿಲ್ಲ.

ಮಾಡೆಲ್‌ಗೊಂದು ಜಾತಕ

ಕೆಲವು ಕಾರುಗಳ ದೌರ್ಬಲ್ಯ ಜಗಜ್ಜಾಹೀರು. ನಿಸ್ಸಾನ್ 350ಝಡ್‌ನಲ್ಲಿ ಡಿಫರೆನ್ಷಿಯಲ್ ಹಿಡಿದಿರುವ ಬುಷ್‌ನೊಳಗೆ ದ್ರವ ಇರುತ್ತದೆ. ಅದು ಸೋರಿಹೋದರೆ ಆಕ್ಸಿಲರೇಟರ್ ಒತ್ತಿ ಬಿಡುವಾಗ ‘ದಡ್’. ಹೋಂಡಾ ಎಸ್2000ದಲ್ಲಿ ಹಿಂದಿನ ಆಕ್ಸಲ್ ನಟ್ ಬಿಗಿ ಕಳೆದುಕೊಂಡು ಕಾರು ಹೊರಡುವಾಗ ‘ಟಕ್’ ಎನ್ನುವುದುಂಟು. ಬಿಎಂಡಬ್ಲ್ಯು ಇ46 ಸರಣಿಯದ್ದು ಗಂಭೀರ ವಿಷಯ: ಹಿಂದಿನ ಸಬ್‌ಫ್ರೇಮ್ ಕೂರುವ ಕಡೆ ಬಾಡಿಯ ತಗಡೇ ಬಿರುಕು ಬಿಡುತ್ತದೆ. ಅಲ್ಲಿ ಬುಷ್ ಬದಲಾಯಿಸಿ ಪ್ರಯೋಜನವಿಲ್ಲ, ವೆಲ್ಡಿಂಗ್ ಕೆಲಸ ಬೇಕು.

ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್–ಶಾಕ್ ಜೋಡಿ) ಹಾಕಿಸಿ ಕಾರು ತಗ್ಗಿಸಿದ್ದರೆ ಮೊದಲ ಅನುಮಾನ ಅದರ ಮೇಲೆಯೇ ಇರಲಿ. ಎತ್ತರ ಹೊಂದಿಸುವ ಲಾಕ್ ರಿಂಗ್ ಸಡಿಲವಾಗಿದೆಯೇ? ಚಕ್ರ ಪೂರ್ತಿ ಇಳಿಬಿದ್ದಾಗ ಸ್ಪ್ರಿಂಗ್ ತನ್ನ ಸೀಟಿನಲ್ಲಿ ಸಡಿಲವಾಗಿ ತಿರುಗುತ್ತದೆಯೇ? ಹಾಗಿದ್ದರೆ ಪ್ರತಿ ಹಂಪ್ ಇಳಿಯುವಾಗಲೂ ಅದು ಹಾರಿ ಕೂರುತ್ತದೆ.

ಬಿಗಿಯುವಾಗ

ತಪ್ಪಿತಸ್ಥ ಭಾಗ ಸಿಕ್ಕಿತು, ಹೊಸದು ಬಂತು. ಲಿಂಕ್‌ಗಳನ್ನಾದರೆ ಎರಡೂ ಬದಿಗೆ ಒಟ್ಟಿಗೇ ಹಾಕಿ. ಒಮ್ಮೆ ಬಿಚ್ಚಿದ ಲಾಕ್ ನಟ್ ಮತ್ತೆ ಬಳಸಬೇಡಿ. ರಬ್ಬರ್ ಬುಷ್ ಇರುವ ಆರ್ಮ್‌ನ ಬೋಲ್ಟನ್ನು ಚಕ್ರ ನೇತಾಡುತ್ತಿರುವಾಗ ಪೂರ್ತಿ ಬಿಗಿಯಬಾರದು. ಹಾಗೆ ಬಿಗಿದರೆ ಕಾರು ಕೆಳಗಿಳಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ, ದಿನವಿಡೀ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕೈಬಿಗಿಗೆ ಬಿಟ್ಟು, ಸಸ್ಪೆನ್ಷನ್ ಕಾರಿನ ಸಹಜ ಎತ್ತರಕ್ಕೆ ಬಂದ ಮೇಲೆ, ಅಂದರೆ ಕಾರು ರ‍್ಯಾಂಪ್ ಮೇಲೆ ತನ್ನ ಚಕ್ರಗಳ ಮೇಲೇ ನಿಂತಿರುವಾಗ, ಕೈಪಿಡಿಯ ಲೆಕ್ಕಕ್ಕೆ ಟಾರ್ಕ್ ಮಾಡಿ. ಬಿಗಿದ ಪ್ರತಿ ಬೋಲ್ಟ್ ಮೇಲೂ ಪೇಂಟ್‌ನಿಂದ ನೇರ ಗೆರೆ ಎಳೆದರೆ ಮುಂದೆ ಯಾವುದು ಜರುಗಿತು ಎಂದು ನೋಡಿದೊಡನೆ ತಿಳಿಯುತ್ತದೆ. ಆರ್ಮ್ ಅಥವಾ ಟೋ ಲಿಂಕ್ ಬಿಚ್ಚಿದ್ದರೆ ವೀಲ್ ಅಲೈನ್‌ಮೆಂಟ್ ಮಾಡಿಸಿದ ಮೇಲೆಯೇ ಕಾರನ್ನು ಹೆದ್ದಾರಿಗೆ ಇಳಿಸಿ.