ಕೊನೆಗೌಡನ ಕಿಸೆಗೊಂದು ಎನರ್ಜಿ ಬಾರ್

ನಮ್ಮ ಶಿರಸಿ ಕಡೆ ಅಡಿಕೆ ಕೊನೆ ಕೊಯ್ಲು ಅಂದರೆ ಬೆಳಿಗ್ಗೆ ಏಳಕ್ಕೇ ತೋಟಕ್ಕೆ ಇಳಿಯಬೇಕು. ಕೊನೆ ಕೊಯ್ಯುವ ಕೊನೆಗೌಡ ಒಮ್ಮೆ ಮರ ಹತ್ತಿದನೆಂದರೆ ಸುಲಭಕ್ಕೆ ನೆಲಕ್ಕೆ ಬರುವವನಲ್ಲ; ಮರವನ್ನೇ ಬಗ್ಗಿಸಿ ಪಕ್ಕದ ಮರಕ್ಕೆ ದಾಟುತ್ತ ಹೋಗುತ್ತಾನೆ. ಹತ್ತು ಗಂಟೆಗೆ ಆಸರಿಗೆ, ಅಂದರೆ ಕುಡಿಯಲು ಏನಾದರೂ, ತಗೊಂಡು ಹೋದರೆ ಅವನು ಮೇಲೆ, ನಾನು ಕೆಳಗೆ, ಚಹಾ ತಣ್ಣಗೆ. ಕಿಸೆಗೆ ಹಾಕಿಕೊಂಡು ಹತ್ತುವಂಥದ್ದು ಏನಾದರೂ ಮಾಡಬೇಕು ಅನಿಸಿದ್ದು ಆಗಲೇ. ಪೇಟೆಯಿಂದ ಒಂದು ಬಾರ್ ತಂದು ನೋಡಿದೆ. ಓಟ್ಸ್, ಖರ್ಜೂರ. ಮನೆಯಲ್ಲಿ ರಾಗಿ ಇದೆ, ಡಬ್ಬಿ ತುಂಬ ಒಣಗಿಸಿದ ಬಾಳೆಹಣ್ಣಿನ ಸುಕೇಳಿ ಇದೆ, ಇನ್ನೇನು ಬೇಕು?

ಬೇಕಾದದ್ದು ಬಿಸಿಲು. ಅದು ಗೊತ್ತಾಗಿದ್ದು ಮೊದಲ ಸಲ ಕೆಟ್ಟ ಮೇಲೆ.

ರಾಗಿ, ಗೋಧಿ ಎರಡನ್ನೂ ಬೇರೆ ಬೇರೆ ರಾತ್ರಿಯಿಡೀ ನೆನೆಸಿ, ನೀರು ಬಸಿದು ಬಟ್ಟೆಯಲ್ಲಿ ಕಟ್ಟಿಟ್ಟೆ. ಒಂದೂವರೆ ದಿನಕ್ಕೆ ಬಿಳಿ ದಾರದಂಥ ಮೊಳಕೆ. ಅಷ್ಟಕ್ಕೇ ನಿಲ್ಲಿಸಬೇಕು, ತೀರಾ ಉದ್ದ ಬಿಟ್ಟರೆ ಕಹಿ. ಆಗ ಸೆಪ್ಟೆಂಬರ್, ಮೋಡ ಮೋಡ. ಎರಡು ದಿನ ಹರವಿದೆ, ಕೈಗೆ ಒಣಗಿದ ಹಾಗೇ ಇತ್ತು, ಡಬ್ಬಿಗೆ ತುಂಬಿದೆ. ಮೂರನೇ ದಿನ ಮುಚ್ಚಳ ತೆಗೆದರೆ ಮುಗ್ಗು ವಾಸನೆ. ಕಾಳಿನ ಒಳಗೆ ತೇವ ಉಳಿದೇ ಇತ್ತು. ಎಲ್ಲ ಗೊಬ್ಬರದ ಗುಂಡಿಗೆ. ಈಗ ಗೋಧಿಯ ಒಂದು ಕಾಳು ಬಾಯಿಗೆ ಹಾಕಿ ಕಚ್ಚುತ್ತೇನೆ. ಕಟ್ ಅಂತ ಒಡೆದರೆ ಮಾತ್ರ ಡಬ್ಬಿಗೆ. ಕೊಯ್ಲಿನ ಹೊತ್ತಿಗೆ ಅಡಿಕೆ ಒಣಗಿಸಲು ಅಟ್ಟ ಕಟ್ಟಿರುತ್ತಾರಲ್ಲ, ಅದರ ಒಂದು ಮೂಲೆ ಈಗ ನನ್ನದು.

ಒಣಗಿದ್ದನ್ನು ಅಂಗೈಯಲ್ಲಿ ತಿಕ್ಕಿ, ಬೇರು ಉದುರಿಸಿ, ಮೊರದಲ್ಲಿ ಕೇರಿ, ಸಣ್ಣ ಉರಿಯಲ್ಲಿ ಹುರಿಯುವುದು. ಮೊಳಕೆ ಬರುವಾಗ ಕಾಳಿನ ಪಿಷ್ಟ ಸ್ವಲ್ಪ ಸ್ವಲ್ಪ ಸಕ್ಕರೆಯಾಗುತ್ತದೆ, ಹಾಗಾಗಿ ಇದು ಸಾದಾ ರಾಗಿಗಿಂತ ಬೇಗ ಕೆಂಪಾಗುತ್ತದೆ, ಬೇಗ ಕರಕಲಾಗುತ್ತದೆ. ಒಲೆ ಬಿಟ್ಟು ಅತ್ತಿತ್ತ ಹೋಗುವ ಹಾಗಿಲ್ಲ. ರಾಗಿ ನುಣ್ಣಗೆ, ಗೋಧಿ ತರಿ ತರಿ. ಎಲ್ಲ ನುಣ್ಣಗೆ ಮಾಡಿದರೆ ಗಂಟಲಿಗೆ ಮೆತ್ತಿಕೊಳ್ಳುತ್ತದೆ, ಮರದ ಮೇಲೆ ನೀರು ಯಾರು ಕೊಡುತ್ತಾರೆ?

ಇನ್ನು ಪಾಕ. ಮನೆಯ ಜೋನಿ ಬೆಲ್ಲ, ಅಂದರೆ ದ್ರವ ಬೆಲ್ಲ, ಇರುವಾಗ ಬೇರೆ ಯಾಕೆ ಅಂತ ಬರೀ ಜೋನಿಯಲ್ಲೇ ಮಾಡಿದೆ. ಸಂಜೆಯಾದರೂ ತಟ್ಟೆಯಲ್ಲಿ ಮುದ್ದೆಯ ಹಾಗೇ ಕೂತಿತ್ತು. ಜೋನಿ ಸುಲಭಕ್ಕೆ ಗಟ್ಟಿಯಾಗುವುದಿಲ್ಲ, ಮೇಲಿಂದ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಮರುದಿನ ಬರೀ ಅಚ್ಚು ಬೆಲ್ಲ ಹಾಕಿ ಪಾಕ ಒಂದು ಕುದಿ ಜಾಸ್ತಿ ಬಿಟ್ಟೆ. ಮಾವ ಒಂದು ತುಂಡು ಬಾಯಿಗಿಟ್ಟು ಹೊರಗೆ ತೆಗೆದು ನೋಡಿ, "ಕೂಸೆ, ಇದ್ನ ಒಡೆಯಲೆ ಮೆಟ್ಟುಗತ್ತಿನೇ ತರವು" ಅಂದರು.

ಈಗಿನ ಅಳತೆ: ರಾಗಿ ಹಿಟ್ಟು 100 ಗ್ರಾಂ, ಗೋಧಿ ತರಿ 100, ಹುರಿದು ಒಡೆದ ಶೇಂಗಾ 100, ಎಳ್ಳು 50, ಸಣ್ಣಗೆ ಹೆಚ್ಚಿದ ಸುಕೇಳಿ 150, ಮಾವಿನ ರಸ ಒಣಗಿಸಿದ ಮಾಂಬಳ 50. ಮಾಂಬಳ ಅಂಕೋಲೆಯ ಅತ್ತಿಗೆ ಕಳಿಸುವುದು, ಕರಿ ಇಶಾಡು ಮಾವಿನದು. 2023ರಲ್ಲಿ ಆ ಹಣ್ಣಿಗೆ ಭೌಗೋಳಿಕ ಸೂಚಿಕೆ ಸಿಕ್ಕ ಮೇಲೆ ಅತ್ತಿಗೆಯ ಠೀವಿಯೇ ಬೇರೆ. ಪಾಕಕ್ಕೆ ಅಚ್ಚು ಬೆಲ್ಲ 150, ಜೋನಿ 75, ಚಿಟಿಕೆ ಉಪ್ಪು, ಒಂದು ಚಮಚ ತುಪ್ಪ. ಒಂದು ಹನಿ ತಣ್ಣೀರಿಗೆ ಬಿಟ್ಟರೆ ಬೆರಳಿಗೆ ಮೆತ್ತಗೆ ಉಂಡೆಯಾಗಬೇಕು, ಟಣ್ ಅನ್ನಬಾರದು. ಒಲೆ ಆರಿಸಿ, ಎಲ್ಲ ಸುರಿದು, ತುಪ್ಪ ಸವರಿದ ತಟ್ಟೆಯಲ್ಲಿ ಲಟ್ಟಣಿಗೆಯಿಂದ ಒತ್ತಿ ಒತ್ತಿ ಕೂರಿಸಬೇಕು. ಒತ್ತುವುದರಲ್ಲಿ ಸೋಮಾರಿತನ ಮಾಡಿದರೆ ಕಿಸೆಯಲ್ಲಿ ಪುಡಿ. ಬೆಚ್ಚಗಿರುವಾಗಲೇ ಗೆರೆ ಹಾಕಿ ಕೊಯ್ಯಬೇಕು.

ಮೊದಲ ದಿನ ಹಾಗೇ ಕೊಟ್ಟು ಕಳಿಸಿದ್ದೆ, ಕೊನೆಗೌಡನ ಅಂಗಿಗೆ ಅಂಟಿ ಇರುವೆ ಹತ್ತಿತ್ತು. ಮರದ ತುದಿಯಲ್ಲಿ ಇರುವೆ ಕಚ್ಚಿಸಿಕೊಂಡವನ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಈಗ ಬೆಂಕಿಗೆ ಬಾಡಿಸಿದ ಬಾಳೆ ಎಲೆಯಲ್ಲಿ ಸುತ್ತಿ, ಬಾಳೆ ನಾರು ಕಟ್ಟಿ ಕೊಡುತ್ತೇನೆ.

ಚಳಿಗಾಲದಲ್ಲಿ ಹದಿನೈದು ದಿನ ಇರುತ್ತದೆ. ಮಳೆಗಾಲದಲ್ಲಿ ನಾಲ್ಕೇ ದಿನಕ್ಕೆ ಬೆವರುತ್ತದೆ. ಹೋದ ಆಷಾಢದಲ್ಲಿ ಡಬ್ಬಿಯನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿ ನೋಡಿದೆ. ಬೆವರಲಿಲ್ಲ, ಆದರೆ ಪೂರ್ತಿ ಹೊಗೆ ವಾಸನೆ. ನಮ್ಮನೆಯವರಿಗೆ ಅದೇ ರುಚಿಯಂತೆ, ಮತ್ತೆ ಹಾಗೇ ಮಾಡು ಅನ್ನುತ್ತಾರೆ. ನನಗಂತೂ ಸೇರಲಿಲ್ಲ.