ತಿಂಗಳಿಗೆ 30 ಬಳಚು

ನಮ್ಮಮ್ಮ ಅಘನಾಶಿನಿ ಹೊಳೆಯಲ್ಲಿ ಬಳಚು, ಅಂದರೆ ತಿನ್ನುವ ಚಿಪ್ಪುಮೀನು, ಆರಿಸಿಯೇ ನಮ್ಮನ್ನು ಸಾಕಿದವಳು. ಒಂದು ಬೇಸಿಗೆ ಅವಳ ಬುಟ್ಟಿಯಲ್ಲಿ ಬಾಯಿ ಬಿಟ್ಟ ಬಳಚೇ ಜಾಸ್ತಿ ಬಂತು. ನಾನು ಒಂದು ಕೊಟ್ಟೆ ತುಂಬ ಸತ್ತ ಬಳಚು ಫ್ರೀಜರಿನಲ್ಲಿಟ್ಟು, ಮೂರನೇ ದಿನ ಬಸ್ಸು ಹತ್ತಿ ಪ್ರಯೋಗಾಲಯಕ್ಕೆ ಒಯ್ದೆ. ಅಲ್ಲಿದ್ದವರು ಕೊಟ್ಟೆ ಬಿಚ್ಚಿ ನೋಡಿ, "ಇದರಿಂದ ಏನೂ ಗೊತ್ತಾಗಲ್ಲ ತಂಗಿ, ಜೀವ ಇರೋದನ್ನ ತಗೊಂಡು ಬಾ" ಅಂದರು. ವಾಪಸ್ ಬರುವಷ್ಟರಲ್ಲಿ ಆ ಮರಳುದಿಬ್ಬದಲ್ಲಿ ಉಳಿದಿದ್ದು ಖಾಲಿ ಚಿಪ್ಪು ಮಾತ್ರ. ಯಾಕೆ ಸತ್ತವು ಅಂತ ಇವತ್ತಿಗೂ ನಮಗೆ ಗೊತ್ತಿಲ್ಲ. ಅವತ್ತಿನಿಂದ ಸಾಯುವವರೆಗೆ ಕಾಯುವುದು ಬಿಟ್ಟೆ. ತಿಂಗಳಿಗೊಮ್ಮೆ ನೋಡುತ್ತೇನೆ. ನೀವೂ ನೋಡಬಹುದು.

ಬೇಕಾದ ಸಾಮಾನು ಸ್ವಲ್ಪವೇ. ಒಂದು ನೋಟ್‌ಬುಕ್, ಮಿಲಿಮೀಟರ್ ಇರುವ ಸ್ಕೇಲು, ಸಣ್ಣ ಚಾಕು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ. ಜೊತೆಗೆ ಬಿದಿರಿನಲ್ಲಿ ಕಟ್ಟಿದ ಅರ್ಧ ಮೀಟರಿನ ಚೌಕ.

ಪ್ರತಿ ತಿಂಗಳೂ ಅದೇ ಜಾಗಕ್ಕೆ, ದೊಡ್ಡ ಇಳಿತದ ದಿನ ಹೋಗಿ. ಚೌಕವನ್ನು ಒಳ್ಳೆ ಬಳಚು ಇರುವಲ್ಲೇ ಹುಡುಕಿ ಇಡಬೇಡಿ. ಕಣ್ಣು ಮುಚ್ಚಿ ಎಸೆಯಿರಿ, ಬಿದ್ದಲ್ಲಿ ಅಗೆಯಿರಿ. ಹೀಗೆ ಐದಾರು ಕಡೆ. ಜೀವ ಇರುವುದು ಎಷ್ಟು, ಸತ್ತಿದ್ದು ಎಷ್ಟು, ಎಣಿಸಿ ಬರೆಯಿರಿ.

ಸತ್ತ ಚಿಪ್ಪನ್ನು ಓದಲು ಕಲಿಯಬೇಕು. ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಎರಡು ಹೋಳು ಇನ್ನೂ ಕೂಡಿಕೊಂಡಿದ್ದು, ಒಳಗೆ ನುಣ್ಣಗೆ ಹೊಳೆಯುತ್ತಿದ್ದರೆ ಅದು ಇತ್ತೀಚೆಗೆ ಸತ್ತಿದ್ದು. ಒಳಗೆ ಪಾಚಿ ಹಿಡಿದಿದ್ದರೆ ಹಳೆಯದು, ಲೆಕ್ಕಕ್ಕೆ ಬೇಡ. ಚಿಪ್ಪಿನಲ್ಲಿ ಬೈರಿಗೆಯಿಂದ ಕೊರೆದ ಹಾಗೆ ದುಂಡನೆಯ ತೂತು ಇದ್ದರೆ ಬೇಟೆಯಾಡುವ ಬಸವನಹುಳು ತಿಂದಿದೆ. ಅಂಚು ಮುರಿದಿದ್ದರೆ ಏಡಿಯ ಕೆಲಸ ಇರಬಹುದು. ತೂತಿಲ್ಲ, ಮುರಿದಿಲ್ಲ, ಹೊಸದಾಗಿ ಸತ್ತಿದೆ ಅಂದರೆ ಆಗ ಯೋಚನೆ ಮಾಡಬೇಕು. ಮಳೆಗಾಲದಲ್ಲಿ ಮಾತ್ರ ಗಡಿಬಿಡಿ ಬೇಡ. ಹೊಳೆಯಲ್ಲಿ ಸಿಹಿನೀರು ತುಂಬಿದಾಗ ಉಪ್ಪುನೀರಿನ ಬಳಚು ರೋಗವಿಲ್ಲದೆಯೂ ರಾಶಿ ರಾಶಿ ಸಾಯುತ್ತದೆ. ಅದಕ್ಕೇ ಪ್ರತಿ ಸಲ ನೀರಿನ ಉಪ್ಪನ್ನೂ ಬರೆದಿಡಿ. ಅಳೆಯುವ ಉಪಕರಣ ಇಲ್ಲದಿದ್ದರೆ ಹಿಂದಿನ ವಾರ ಮಳೆ ಬಂತೇ ಇಲ್ಲವೇ ಅಂತಾದರೂ ಬರೆಯಿರಿ.

ಆಮೇಲೆ 30 ಬಳಚು, ದೊಡ್ಡದು ಸಣ್ಣದು ಆರಿಸದೆ, ಮನೆಗೆ ತಂದು ಉದ್ದ ಅಳೆದು ಬಿಡಿಸಿ. ಬೇಯಿಸಬೇಡಿ, ಹಸಿಯದನ್ನೇ ನೋಡಬೇಕು. ಮಾಂಸ ಚಿಪ್ಪು ತುಂಬಿದೆಯೇ, ನೀರುನೀರಾಗಿ ಸೊರಗಿದೆಯೇ? ಕಿವಿರನ್ನು ಚಾಕುವಿನ ತುದಿಯಲ್ಲಿ ಎತ್ತಿ. ಒಳಗೆ ಬಟಾಣಿ ಗಾತ್ರದ ಮೆತ್ತನೆಯ ಏಡಿ ಕೂತಿರಬಹುದು. ಅದು ಬಳಚಿನ ಊಟದಲ್ಲಿ ಪಾಲು ಕೇಳುತ್ತದೆ, ಕಿವಿರನ್ನೂ ಸವೆಸುತ್ತದೆ. ಮೊಟ್ಟೆ ಇರಬೇಕಾದ ಜಾಗದಲ್ಲಿ ಶ್ಯಾವಿಗೆಯ ಹಾಗೆ ಸಿಕ್ಕುಸಿಕ್ಕಾದ ಎಳೆ ಕಂಡರೆ ಅದು ಚಪ್ಪಟೆ ಹುಳುವಿನ ಮರಿ ಹಂತ. ಅಂಥ ಬಳಚು ಬಂಜೆಯಾಗುತ್ತದೆ. ಅವು ಹೆಚ್ಚಾದರೆ ಮುಂದೆ ಮರಿ ಕಡಿಮೆಯಾಗುವ ಭಯ ಇದೆ. ಸುಮ್ನೆ ಎಸೆದು ಮರೆಯಬೇಡಿ, 30ರಲ್ಲಿ ಎಷ್ಟಕ್ಕೆ ಇತ್ತು ಅಂತ ಬರೆಯಿರಿ.

ಕಿವಿರಿನಲ್ಲಿ, ಅದರ ಸುತ್ತಿನ ತೆಳು ಪದರದಲ್ಲಿ ಹಾಲುಬಿಳಿ ಗಂಟು ಕಂಡರೆ ಇನ್ನೂ ಹುಷಾರು. ಪರ್ಕಿನ್ಸಸ್ ಅನ್ನುವ ಪರಾವಲಂಬಿ ಇರಬಹುದು. ಇದು ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿ. ಕೇರಳದ ಅಷ್ಟಮುಡಿ ಹಿನ್ನೀರಿನ ಬಳಚಿನಲ್ಲಿ ಇದರ ಒಂದು ಜಾತಿ ಪತ್ತೆಯಾಗಿದೆ. ನೀರು ಬಿಸಿಯಾಗಿ ಉಪ್ಪು ಹೆಚ್ಚಾದಾಗ ಇದು ಬಲಿಯುತ್ತದೆ. ನಮ್ಮಲ್ಲಿ ಅಂದರೆ ಮಾರ್ಚ್‌ನಿಂದ ಮೇ. ಆ ತಿಂಗಳುಗಳಲ್ಲಿ ಒಂದೂ ತಪ್ಪಿಸಬೇಡಿ.

ಗಂಟು ಕಂಡಿದ್ದಕ್ಕೇ ಪರ್ಕಿನ್ಸಸ್ ಅಂತ ಹೇಳಲು ಬರುವುದಿಲ್ಲ, ಗಂಟಿಲ್ಲದೆಯೂ ಅದು ಇರಬಹುದು. ಪರೀಕ್ಷೆ ಬೇಕೇ ಬೇಕು. ಸ್ಯಾಮಿ ರೇ ಎಂಬ ವಿಜ್ಞಾನಿ 1952ರಲ್ಲಿ ಕೊಟ್ಟ ವಿಧಾನ ಇವತ್ತಿಗೂ ಬಳಕೆಯಲ್ಲಿದೆ. ಕಿವಿರಿನ ತುಂಡನ್ನು ಥಯೋಗ್ಲೈಕೊಲೇಟ್ ಎಂಬ ಪೋಷಕ ದ್ರವದಲ್ಲಿ ಐದರಿಂದ ಏಳು ದಿನ ಕತ್ತಲಲ್ಲಿ ಇಡುತ್ತಾರೆ. ಪರಾವಲಂಬಿ ಉಬ್ಬಿಕೊಳ್ಳುತ್ತದೆ. ಅಯೋಡಿನ್ ಹಾಕಿದರೆ ಸೂಕ್ಷ್ಮದರ್ಶಕದಲ್ಲಿ ನೀಲಿಗಪ್ಪು ಗುಂಡುಗಳು ಕಾಣುತ್ತವೆ.

ಕಳಿಸುವುದರಲ್ಲೇ ನಾನು ತಪ್ಪಿದ್ದು. ಆದ್ದರಿಂದ ಬಿಡಿಸಿ ಹೇಳುತ್ತೇನೆ. ಜೀವ ಇರುವ ಬಳಚೇ ಬೇಕು. ತಟ್ಟಿದರೆ ನಿಧಾನವಾಗಿ ಬಾಯಿ ಮುಚ್ಚುವ, ಸೋತ ಬಳಚು ಎಲ್ಲಕ್ಕಿಂತ ಉಪಯೋಗ. ಜೊತೆಗೆ ಗಟ್ಟಿಯಾಗಿರುವವೂ ಇರಲಿ. ನೀರಿನಲ್ಲಿ ಮುಳುಗಿಸಬೇಡಿ, ಬಾವಿನೀರಿನಲ್ಲಂತೂ ತೊಳೆಯಲೇಬೇಡಿ. ಹೊಳೆನೀರಿನಲ್ಲಿ ನೆನೆಸಿದ ಗೋಣಿಯಲ್ಲಿ ಸುತ್ತಿ. ಡಬ್ಬಿಯ ತಳದಲ್ಲಿ ಐಸು, ಮೇಲೆ ದಪ್ಪ ಕಾಗದ, ಅದರ ಮೇಲೆ ಗೋಣಿ. ಐಸು ಬಳಚಿಗೆ ತಾಗಬಾರದು. ಫ್ರೀಜರಿನಲ್ಲಿಟ್ಟರೆ ಒಳಗಿನ ಅಂಗಾಂಶ ಒಡೆದುಹೋಗುತ್ತದೆ. 24 ಗಂಟೆಯೊಳಗೆ ಮುಟ್ಟಿಸಿ. ತಾರೀಕು, ಜಾಗ, ನಿಮ್ಮ ಎಣಿಕೆ ಬರೆದ ಚೀಟಿ ಇರಲಿ. ಕಾರವಾರದ ಸಿಎಂಎಫ್‌ಆರ್‌ಐ (ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ) ಕೇಂದ್ರವನ್ನೋ ಮಂಗಳೂರಿನ ಮೀನುಗಾರಿಕಾ ಕಾಲೇಜನ್ನೋ ಮೊದಲೇ ಫೋನಿನಲ್ಲಿ ಕೇಳಿ ಹೊರಡಿ. 2023ರಲ್ಲಿ ಕೇಂದ್ರ ಸರ್ಕಾರ ತಂದ 'ರಿಪೋರ್ಟ್ ಫಿಶ್ ಡಿಸೀಸ್' ಆ್ಯಪಿನಲ್ಲೂ ತಿಳಿಸಬಹುದು.

ಎಷ್ಟು ಕಳಿಸಬೇಕು? ನೂರಕ್ಕೆ ಹತ್ತಕ್ಕೆ ರೋಗ ತಗುಲಿದ್ದರೆ, 30 ಪರೀಕ್ಷಿಸಿದಾಗ ಒಂದರಲ್ಲಾದರೂ ಸಿಗುವ ಸಾಧ್ಯತೆ ಸುಮಾರು ನೂರಕ್ಕೆ 95. ನೂರಕ್ಕೆ ಎರಡಕ್ಕೆ ಮಾತ್ರ ಇದ್ದರೆ 150 ಬೇಕು. ಹಾಗಾಗಿ 30ರಲ್ಲಿ ಏನೂ ಸಿಗಲಿಲ್ಲ ಅಂದರೆ ರೋಗವೇ ಇಲ್ಲ ಅಂತಲ್ಲ.

ಊರಿನವರು ಕೇಳುವ ಮೊದಲ ಪ್ರಶ್ನೆ, "ತಿಂದರೆ ನಮಗೆ ಏನಾದರೂ ಆಗ್ತದಾ?" ಪರ್ಕಿನ್ಸಸ್, ಬಟಾಣಿ ಏಡಿ ಮನುಷ್ಯರಿಗೆ ರೋಗ ತರುವುದಿಲ್ಲ. ಆದರೆ ಬಳಚು ನೀರಿನಿಂದ ಸೋಸಿ ತಿನ್ನುವ ವಿಷ ಪಾಚಿಯ ವಿಚಾರವೇ ಬೇರೆ. 1983ರಲ್ಲಿ ಕುಂಬಳೆಯಲ್ಲಿ ಚಿಪ್ಪು ತಿಂದು ಒಬ್ಬ ಹುಡುಗ ತೀರಿಕೊಂಡ. ಆ ವಿಷ ಬೇಯಿಸಿದರೂ ಹೋಗುವುದಿಲ್ಲ, ಬಳಚು ನೋಡುವುದಕ್ಕೆ ಆರೋಗ್ಯವಾಗಿಯೇ ಇರುತ್ತದೆ. ನನ್ನ ನೋಟ್‌ಬುಕ್ ಅದನ್ನು ಹಿಡಿಯಲಾರದು. ನೀರಿನ ಬಣ್ಣ ಬದಲಾದರೆ, ತಿಂದವರ ತುಟಿ ಜುಮ್ಮೆಂದರೆ ಆರಿಸುವುದನ್ನೂ ತಿನ್ನುವುದನ್ನೂ ನಿಲ್ಲಿಸಿ. ತುಟಿ ಜುಮ್ಮೆಂದವರನ್ನು ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಬಿಡಿಸಿ ನೋಡಿದ ಬಳಚನ್ನು ಹೊಳೆಗೆ ವಾಪಸ್ ಹಾಕಬೇಡಿ. ಪರ್ಕಿನ್ಸಸ್ ನೀರಿನಲ್ಲೇ ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ. ಭರತದ ನೀರು ಮುಟ್ಟದ ಎತ್ತರದಲ್ಲಿ ಹೂಳಿ. ಬೇರೆ ಹೊಳೆಯ ಮರಿ ಬಳಚನ್ನು ಪರೀಕ್ಷೆ ಮಾಡಿಸದೆ ತಂದು ಬಿತ್ತಬೇಡಿ, ಎಷ್ಟೇ ಅಗ್ಗಕ್ಕೆ ಸಿಕ್ಕರೂ.

ಅಮ್ಮ ಈಗ ಹೊಳೆಗೆ ಇಳಿಯುವುದಿಲ್ಲ. ಇಳಿತದ ದಿನ ಬೆಳಿಗ್ಗೆ ನೋಟ್‌ಬುಕ್ಕನ್ನು ಬಾಗಿಲ ಹತ್ತಿರ ತಂದಿಡುತ್ತಾಳೆ. ನಾನು ಬಂದಮೇಲೆ ಕೇಳುವುದು ಒಂದೇ ಮಾತು: "ಬಾಯಿ ಬಿಟ್ಟಿದ್ದು ಎಷ್ಟಿತ್ತು?"